ರಾಶಿಗೆ ಮೊದಲೇ ತೂರುವ ಕೆಲಸ

ಡಿಸ್ಕ್ ತುಂಬಿತೆಂದು ಆಕಾಶದ ರಾ ಚಿತ್ರಗಳನ್ನು (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಟ್ಟ ಕಡತಗಳನ್ನು) ಜೆಪೆಗ್ ಮಾಡಿ ಕುಗ್ಗಿಸಿಕೊಂಡು, ಆಮೇಲೆ ಸ್ಟ್ಯಾಕ್ ಮಾಡುವ, ಅಂದರೆ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುವ ರೂಢಿ ಕಲಬುರಗಿಯ ನಮ್ಮ ಹವ್ಯಾಸಿ ಗೆಳೆಯರಲ್ಲಿ ಬೆಳೆಯುತ್ತಿದೆ. ನಾನಿದನ್ನು ಒಪ್ಪುವುದಿಲ್ಲ. ಹಾಗೆ ಮಾಡಿಯೇ ಒಂದು ರಾತ್ರಿಯ ಶ್ರಮವನ್ನು ಕಳೆದುಕೊಂಡವನು ನಾನು.

ಕಳೆದ ಚಳಿಗಾಲದಲ್ಲಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಬೆಳಕಿನಿಂದ ದೂರ ಹೋಗಿ, ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಬಳಿ ಒರಾಯನ್ ನೀಹಾರಿಕೆಯ 180 ಚಿತ್ರಗಳನ್ನು ತಲಾ 60 ಸೆಕೆಂಡಿನಂತೆ ತೆಗೆದಿದ್ದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಕಡತ ಸುಮಾರು 25 ಎಂಬಿ. ಎಲ್ಲ ಸೇರಿದರೂ ನಾಲ್ಕೂವರೆ ಜಿಬಿ. ಹೊರೆ ಬೀಳುವುದು ಅನಂತರ. ಸ್ಟ್ಯಾಕ್ ಮಾಡುವ ಸಿರಿಲ್ ತಂತ್ರಾಂಶವು ಪ್ರತಿ ಚಿತ್ರದ ಮೂರೂ ಬಣ್ಣಗಳನ್ನು ಬಿಡಿಸಿ 32 ಬಿಟ್‌ನಲ್ಲಿ ಬರೆದಾಗ ಒಂದೊಂದೂ 288 ಎಂಬಿ ಆಗುತ್ತದೆ. ನಕ್ಷತ್ರಗಳನ್ನು ಹೊಂದಿಸಿದ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಪ್ರತಿ. ಅಲ್ಲಿಗೆ ನೂರು ಜಿಬಿ ದಾಟಿತು. ಗಾಬರಿಯಲ್ಲಿ ಎಲ್ಲವನ್ನೂ ಜೆಪೆಗ್ ಮಾಡಿ ಮೂಲವನ್ನು ಅಳಿಸಿದೆ. ಸ್ಟ್ಯಾಕ್ ಮಾಡುವಾಗ ಜೆಪೆಗ್ ಕೂಡ ಬಿಚ್ಚಿಕೊಂಡು ಅದೇ 288 ಎಂಬಿ ಆಗುತ್ತದೆಂಬುದು ಆಗ ಹೊಳೆಯಲಿಲ್ಲ!

14 ಬಿಟ್ ರಾ ಕಡತದಲ್ಲಿ ಬೆಳಕಿನ 16,384 ಹಂತಗಳಿದ್ದರೆ ಜೆಪೆಗ್‌ನಲ್ಲಿರುವುದು 256. ಅದರ ಮೇಲೆ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಬೀಳದ ಸಣ್ಣ ಏರಿಳಿತಗಳನ್ನು ಕೈಬಿಡುತ್ತದೆ. ನೀಹಾರಿಕೆಯ ಹೊರ ಅಂಚಿನ ಮಸುಕಾದ ಧೂಳು ಒಂದೇ ಚಿತ್ರದಲ್ಲಿ ಅಡಗಿರುವುದು ಆ ಏರಿಳಿತಗಳಲ್ಲಿಯೇ. ನಾಯ್ಸ್, ಅಂದರೆ ಚಿತ್ರದಲ್ಲಿ ಅಡ್ಡಾದಿಡ್ಡಿ ಮೂಡುವ ಕಾಳುಕಾಳು ಕಲೆ, ಚಿತ್ರದಿಂದ ಚಿತ್ರಕ್ಕೆ ಬದಲಾಗುವುದರಿಂದ 180 ಚಿತ್ರಗಳ ಸರಾಸರಿಯಲ್ಲಿ ಸುಮಾರು ಹದಿಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಧೂಳಿನ ಬೆಳಕು ಮಾತ್ರ ಇದ್ದಲ್ಲೇ ಇರುತ್ತದೆ. ತೊಗರಿಯನ್ನು ರಾಶಿ ಮಾಡುವ ಮೊದಲೇ ತೂರಲು ಹೊರಟರೆ ಹೊಟ್ಟಿನ ಜೊತೆ ಕಾಳೂ ಹೋಗುತ್ತದೆ. ನಾನು ಮಾಡಿದ್ದು ಅದನ್ನೇ. ಕೊನೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಧೂಳಿನ ಬದಲು ಚೌಕಳಿ ಕಂಡಿತು.

ಕಡತವನ್ನು ಕುಗ್ಗಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಖಗೋಳ ಚಿತ್ರಗಳಿಗೆ ಬಳಸುವ ಫಿಟ್ಸ್ ಮಾದರಿಯ 16 ಬಿಟ್ ಕಡತಕ್ಕೆ ರೈಸ್ ಕಂಪ್ರೆಷನ್ ಎಂಬ ಕುಗ್ಗಿಸುವ ವಿಧಾನ ಹಾಕಿದರೆ ಒಂದು ಬಿಟ್ಟೂ ನಷ್ಟವಾಗದೆ ಗಾತ್ರ ಇಳಿಯುತ್ತದೆ, ಸಿರಿಲ್‌ನಲ್ಲಿಯೇ ಆ ಸೌಲಭ್ಯವಿದೆ. 32 ಬಿಟ್ ದಶಮಾಂಶ ಸಂಖ್ಯೆಗಳಿಗೆ ಅದು ಹಾಗೆ ಒಗ್ಗುವುದಿಲ್ಲ, ಅಲ್ಲಿ ಸ್ವಲ್ಪ ನಷ್ಟವಾಗುತ್ತದೆ. ಕ್ಯಾಮೆರಾವೇ ಕುಗ್ಗಿಸಿಟ್ಟ ರಾ ಕಡತವನ್ನು ಜಿಪ್ ಮಾಡಿ ಉಳಿಸುವಂಥದ್ದೇನೂ ಇಲ್ಲ, ಏಕೆಂದರೆ ನಾಯ್ಸ್ ಯಾವ ಲೆಕ್ಕಕ್ಕೂ ಮಣಿಯದು. ನಮ್ಮ ಏಪ್ರಿಲ್ ರಾತ್ರಿಗಳ ಸೆಕೆಗೆ ಸೆನ್ಸರ್ ಕಾದು ನಾಯ್ಸ್ ಹೆಚ್ಚುವುದರಿಂದ ಬೇಸಿಗೆಯ ರಾ ಕಡತಗಳು ಚಳಿಗಾಲದವುಗಳಿಗಿಂತ ದೊಡ್ಡವಾಗುವುದೂ ಇದೇ ಕಾರಣಕ್ಕೆ.

ಈಗ ನಾನು ಮೂಲ ರಾ ಕಡತಗಳನ್ನು, ಮಾಸ್ಟರ್ ಡಾರ್ಕ್ ಮತ್ತು ಫ್ಲ್ಯಾಟ್‌ಗಳನ್ನು (ಸೆನ್ಸರ್ ಮತ್ತು ಮಸೂರದ ದೋಷ ತಿದ್ದಲು ಬೇರೆಯಾಗಿ ತೆಗೆದ ಚಿತ್ರಗಳ ಸರಾಸರಿಗಳನ್ನು) ಮಾತ್ರ ಹೊರಗಿನ ಡಿಸ್ಕಿನಲ್ಲಿ ಇಡುತ್ತೇನೆ. ನಡುವಿನ ನೂರು ಜಿಬಿಯನ್ನು ಸ್ಟ್ಯಾಕ್ ಮುಗಿದ ದಿನವೇ ಅಳಿಸುತ್ತೇನೆ. ಬೇಕೆಂದಾಗ ಒಂದು ರಾತ್ರಿ ಲ್ಯಾಪ್‌ಟಾಪ್ ಓಡಿಸಿದರೆ ಅದು ಮತ್ತೆ ಹುಟ್ಟುತ್ತದೆ.