ಒಂದೇ ಸ್ಟಾರಿನ ಭಾಮೈದ

ಮಡಿಕೇರಿಯಿಂದ ಬಂದು ವಾರವಾಗುತ್ತಾ ಬಂತು, ಸಾಕ್ಸು ಇನ್ನೂ ಒಣಗಿಲ್ಲ. ಅದಕ್ಕೆ ಬೇಜಾರೇನಿಲ್ಲ. ಆಷಾಢದಲ್ಲಿ ಕೊಡಗಿಗೆ ಹೋದವರು ಒಣಗಿದ ಸಾಕ್ಸು ಬಯಸುವುದು ದುರಾಸೆ. ನನ್ನ ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ ಅಂತ 120 ಕಿಲೋಮೀಟರಿನ ಆಸುಪಾಸಿನ ದಾರಿ. ನಡುವೆ ಇಡ್ಲಿ ತಿಂದು, ಬೈಲಕುಪ್ಪೆಯಲ್ಲಿ ಇಳಿದು ಫೋಟೋ ತೆಗೆಸಿಕೊಂಡು ನಿಧಾನಕ್ಕೆ ಹೋದರೂ ಮಧ್ಯಾಹ್ನದ ಊಟಕ್ಕೆ ಮಡಿಕೇರಿ ಸಿಗುತ್ತದೆ. ಅಂಥ ಊರಲ್ಲಿ ಒಂದು ರಾತ್ರಿ ತಲೆಯಿಡಲು ಜಾಗ ಹುಡುಕುವುದಕ್ಕೆ ನಮ್ಮ ಮನೆಯಲ್ಲಿ ಹಿಡಿದ ಕಾಲದಲ್ಲಿ ಹೆಣ್ಣು ನೋಡಿ, ಜಾತಕ ಕೂಡಿಸಿ, ಛತ್ರ ಗೊತ್ತುಮಾಡಿ ಒಂದು ಮದುವೆಯನ್ನೇ ಮುಗಿಸಬಹುದಿತ್ತು.

ನೀವೂ ಈ ಕಷ್ಟ ಪಟ್ಟವರೇ ಇರುತ್ತೀರಿ. ಫೋನ್ ತೆಗೆದು ಮಡಿಕೇರಿ, ಶನಿವಾರ, ನಾಲ್ಕು ದೊಡ್ಡವರು, ಎರಡು ಮಕ್ಕಳು ಅಂತ ಒತ್ತಿದರೆ ಮನೆಗಳ ಮೇಲೆ ಮನೆಗಳು ಬಂದು ನಿಲ್ಲುತ್ತವೆ. ಅಷ್ಟೂ ಮನೆಗಳು ಊರಿನಿಂದ ಎರಡೇ ಕಿಲೋಮೀಟರ್. ಗಾಳಿಬೀಡು ರಸ್ತೆಯದೂ ಎರಡು, ಮೇಕೇರಿ ಕಡೆಯದೂ ಎರಡು, ಅಬ್ಬಿ ಫಾಲ್ಸ್ ಪಕ್ಕದ್ದೂ ಎರಡು. ಈ ಲೆಕ್ಕ ಕಾಗೆಗಳಿಗೆ ಸರಿಹೋಗುತ್ತದೆ. ಕಾರಿನವರು ಗುಡ್ಡದ ಒಂದು ಮಗ್ಗುಲು ಇಳಿದು, ತಿರುವಿನಲ್ಲಿ ಹಾರ್ನ್ ಹೊಡೆದು, ಎದುರಿಗೆ ಬಂದ ಜೀಪಿಗೆ ಜಾಗ ಕೊಡಲು ರಿವರ್ಸ್ ಹೋಗಿ, ಆಮೇಲೆ ಇನ್ನೊಂದು ಮಗ್ಗುಲು ಹತ್ತಬೇಕು. "ಲಾಸ್ಟ್ ಐನೂರು ಮೀಟರ್ ಸ್ವಲ್ಪ ಕಚ್ಚಾ ರೋಡು ಸಾರ್" ಅನ್ನುವ ಮಾತು ಅಡ್ವಾನ್ಸ್ ಕಳಿಸಿದ ಮೇಲೆಯೇ ಬರುವುದು.

ಫೋಟೋಗಳ ಕತೆಯೂ ಅಷ್ಟೇ. ಪ್ರತಿ ಮನೆಯ ಬಾಲ್ಕನಿಯ ಕಟ್ಟೆಯ ಮೇಲೂ ಎರಡು ಕಾಫಿ ಕಪ್ಪು, ಹಿಂದೆ ನೀಲಿ ಬೆಟ್ಟ. ಬಚ್ಚಲಿನ ಫೋಟೋ ಮಾತ್ರ ಇರುವುದಿಲ್ಲ, ಇದ್ದರೂ ಬರೀ ಕನ್ನಡಿಯದು. ಐವತ್ತು ದಾಟಿದವನಿಗೆ ಬೆಟ್ಟಕ್ಕಿಂತ ಬಚ್ಚಲು ಮುಖ್ಯ ಅಂತ ಇವರಿಗೆ ಯಾರು ಹೇಳಬೇಕು? ಬಿಸಿನೀರು 24 ಗಂಟೆ ಅಂತ ಬರೆದಿರುತ್ತಾರೆ. ಫೋನ್ ಮಾಡಿ ಕೇಳಿದರೆ "ಬೆಳಿಗ್ಗೆ ಆರರಿಂದ ಎಂಟು ಸಾರ್, ಆಮೇಲೆ ಬೇಕಂದ್ರೆ ಮೊದಲೇ ಹೇಳ್ಬೇಕು" ಅನ್ನುತ್ತಾರೆ. ಕ್ಯಾಂಪ್ ಫೈರ್ ಅಂತೂ ಎಲ್ಲ ಕಡೆಯೂ ಇದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಬಯಲಲ್ಲಿ ಬೆಂಕಿ ಹಚ್ಚುವ ಧೈರ್ಯವನ್ನೂ, ಅದಕ್ಕೆ ಬೇರೆಯಾಗಿ ದುಡ್ಡು ಕೇಳುವ ಧೈರ್ಯವನ್ನೂ ಮೆಚ್ಚಲೇಬೇಕು.

ಇಷ್ಟೆಲ್ಲ ಇದ್ದರೂ ನನ್ನ ಪಾಡಿಗೆ ಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಯಾವುದೋ ಒಂದನ್ನು ಒತ್ತಿ ಮಲಗಿಬಿಡುತ್ತಿದ್ದೆ. ಆದರೆ ನನಗೊಬ್ಬ ಭಾಮೈದ ಇದ್ದಾನೆ. ಬ್ಯಾಂಕಿನಲ್ಲಿ ಸಾಲದ ವಿಭಾಗ. ಎದುರಿಗೆ ಕೂತವರು ಎಷ್ಟೇ ನಗುತ್ತಿರಲಿ, ಅವರು ಯಾವತ್ತೋ ಕಟ್ಟದೆ ಬಿಟ್ಟ ಒಂದು ಕಂತಿನ ಮೇಲೇ ಇವನ ಕಣ್ಣು. ಆ ಅಭ್ಯಾಸವನ್ನು ರೂಮು ಹುಡುಕುವುದಕ್ಕೂ ತಂದಿದ್ದಾನೆ. ಒಂದು ಹೋಂ ಸ್ಟೇಗೆ ಮುನ್ನೂರು ಜನ ಐದು ಸ್ಟಾರ್ ಕೊಟ್ಟಿರಲಿ, ಅವನ್ನು ಮೂಸಿಯೂ ನೋಡುವುದಿಲ್ಲ. "ಅವೆಲ್ಲ ಮಾಲೀಕರ ನೆಂಟರು ಹಾಕಿರೋದು ಭಾವಾ" ಅಂತ ಸರ್ರನೆ ಕೆಳಕ್ಕೆಳೆದು ಒಂದು ಸ್ಟಾರಿನವರ ಬಳಿ ಹೋಗಿ ಕೂರುತ್ತಾನೆ.

ಕೂತು ತನ್ನಷ್ಟಕ್ಕೆ ಓದಿಕೊಂಡರೆ ತೊಂದರೆಯಿರಲಿಲ್ಲ. ಗಟ್ಟಿಯಾಗಿ ಓದುತ್ತಾನೆ. ಅದೂ ನಾವು ರಾತ್ರಿ ಊಟಕ್ಕೆ ಕೂತ ಹೊತ್ತಿಗೆ, ವಿಡಿಯೋ ಕಾಲ್ ಮಾಡಿ. "ಇದನ್ನ ಕೇಳಿ ಭಾವಾ. 'ನನ್ನ ಜೀವನದ ಅತ್ಯಂತ ಕೆಟ್ಟ ಅನುಭವ.' ಅಷ್ಟೇ ಬರ್ದಿದಾರೆ. ಏನಾಯ್ತು ಅಂತ ಹೇಳೇ ಇಲ್ಲ. ಪಾಪ, ಬಾಯ್ಬಿಟ್ಟು ಹೇಳಕ್ಕೂ ಆಗ್ದಂಥದ್ದು ಏನೋ ಆಗಿದೆ." ಆ ಮನೆ ಅಲ್ಲಿಗೆ ಹೋಯಿತು. ಇನ್ನೊಂದು ಮನೆಯಲ್ಲಿ ಯಾರೋ ಯಜಮಾನರಿಗೆ ರಾತ್ರಿಯಿಡೀ ಹುಳದ ಸದ್ದಂತೆ, ಮಾಲೀಕರಿಗೆ ಹೇಳಿದರೂ ನಿಲ್ಲಿಸಲಿಲ್ಲವಂತೆ. ಜೀರುಂಡೆಯನ್ನು ಮಾಲೀಕರು ಹೇಗಪ್ಪಾ ನಿಲ್ಲಿಸೋದು ಅಂದೆ. "ಕಂಪ್ಲೇಂಟ್ ಮಾಡ್ದಾಗ ರೆಸ್ಪಾನ್ಸ್ ಸರಿಯಿಲ್ಲ, ಪಾಯಿಂಟ್ ಅದು" ಅಂದ. ಅದೂ ಹೋಯಿತು. ಕಾಫಿ ತೋಟದ ನಡುವಿನ ಮನೆಗೆ ಹೋಗಿ ಟೀ ಚೆನ್ನಾಗಿರಲಿಲ್ಲ ಅಂತ ಒಬ್ಬರು ಬೇಸರಪಟ್ಟಿದ್ದರು. ಮತ್ತೊಬ್ಬರು ವಿಜಯದಶಮಿಯ ರಾತ್ರಿ ಮಡಿಕೇರಿ ಪೇಟೆಯೊಳಗೇ ರೂಮು ಮಾಡಿ, ಬೆಳಗಿನವರೆಗೂ ಸದ್ದು ಅಂತ ಒಂದು ಸ್ಟಾರ್ ಕೊಟ್ಟಿದ್ದರು. ಹತ್ತು ದೇವಸ್ಥಾನಗಳ ಹತ್ತು ಮಂಟಪ ಬೀದಿಗಿಳಿಯುವ ರಾತ್ರಿ ಆ ಊರಿಗೆ ನಿದ್ದೆ ಮಾಡಲೆಂದು ಹೋದ ಪುಣ್ಯಾತ್ಮರು!

ಜಿಗಣೆಯದ್ದು ಇನ್ನೂ ಸೊಗಸು. ಒಬ್ಬಾಕೆ ತನ್ನ ಪಾದದ ಮೇಲೆ ರಕ್ತ ಕುಡಿದು ಗುಂಡಗಾಗಿದ್ದ ಜಿಗಣೆಯ ಫೋಟೋ ಹಾಕಿದ್ದರು. ಭಾಮೈದ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ನಾನು ಹುಳಿಯನ್ನ ಕಲಸುತ್ತಿರುವಾಗ ಸ್ಕ್ರೀನ್ ತುಂಬ ತೋರಿಸಿದ. "ಈ ಮನೇಲಿ ಜಿಗಣೆ ಇದೆ ಭಾವಾ." ಮಳೆಗಾಲದಲ್ಲಿ ಜಿಗಣೆ ಇಲ್ಲದ ತೋಟದ ಮನೆ ಬೇಕಾದರೆ ಮಂಡ್ಯದಲ್ಲಿ ಹುಡುಕು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ನೋಡಿದರೆ ಮಂಡ್ಯದ ರೇಟು ನೋಡುತ್ತಿದ್ದ.

ಬರಬರುತ್ತಾ ಈ ಒಂದು ಸ್ಟಾರಿನವರೆಲ್ಲ ನಮ್ಮ ಮನೆಯವರೇ ಆಗಿಬಿಟ್ಟರು. ಹುಳದ ಯಜಮಾನರು, ಟೀ ಆಂಟಿ, ಜಿಗಣೆ ಮೇಡಂ. "ಹುಳದ ಯಜಮಾನರು ಊಟಿಗೂ ಒಂದೇ ಕೊಟ್ಟಿದಾರೆ" ಅಂತ ಒಂದು ರಾತ್ರಿ ವರದಿ ಬಂತು. ಅವರ ಹೆಸರಿನ ಮೇಲೆ ಒತ್ತಿ ಹಿಂದಿನದ್ದೆಲ್ಲ ಓದಿದ್ದಾನೆ. ಹಲ್ಲಿನ ಡಾಕ್ಟರಿಗೆ ಎರಡು, ಕಲ್ಯಾಣ ಮಂಟಪಕ್ಕೆ ಒಂದು, ಒಂದು ಜಲಪಾತಕ್ಕೂ ಒಂದು: ನೀರು ಕಮ್ಮಿ ಇತ್ತಂತೆ. "ಅವ್ರು ಐದು ಕೊಟ್ಟಿರೋದು ಇಡೀ ಜೀವನದಲ್ಲಿ ಒಂದೇ ಜಾಗಕ್ಕೆ ಭಾವಾ, ಅವ್ರೂರಿನ ಪಂಕ್ಚರ್ ಅಂಗಡಿಗೆ." ಹಾಗಾದರೆ ಅಲ್ಲೇ ಹೋಗಿ ಮಲಗೋಣ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ಅನ್ನದ ಜೊತೆ ನುಂಗಿದೆ.

ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಎತ್ತಿಕೊಂಡು ಇಲ್ಲಿಗೆ ಹೊರಟಾಗ ಪಕ್ಕದಲ್ಲಿ ಇಂಥ ಭಾಮೈದನೊಬ್ಬ ಇದ್ದಿದ್ದರೆ ಮಡಿಕೇರಿ ಹುಟ್ಟುತ್ತಲೇ ಇರಲಿಲ್ಲ. ಅವನು ಕಟ್ಟಿಸಿದ್ದು ಮಣ್ಣಿನ ಕೋಟೆ, ಆ ಮಳೆಯಲ್ಲಿ! ಆಮೇಲೆ ಟಿಪ್ಪು ಬಂದು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ದೊಡ್ಡ ವೀರರಾಜೇಂದ್ರ 1792ರ ಹೊತ್ತಿಗೆ ಕಕ್ಕಬ್ಬೆಯ ಕಡೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಎಬ್ಬಿಸಿದ. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕೋಟೆಯೊಳಗಿನ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. ಈ ಊರಲ್ಲಿ ವಸತಿಯ ತಕರಾರು ಇವತ್ತಿನದಲ್ಲ. ಇದನ್ನೆಲ್ಲ ಭಾಮೈದನಿಗೆ ಹೇಳಿದರೆ, ಕೋಟೆಗೂ ಯಾರೋ ಕೊಟ್ಟ ಒಂದು ಸ್ಟಾರನ್ನು ಹುಡುಕಿ ತೆಗೆದ. "'ಆನೆ ಇದೆ ಅಂತ ಮಕ್ಕಳನ್ನ ಕರ್ಕೊಂಡು ಹೋದ್ವಿ, ಗಾರೆ ಆನೆ.' ನೋಡಿದ್ರಾ?"

ನಮ್ಮಪ್ಪ ನಮ್ಮನ್ನು ಮಡಿಕೇರಿಗೆ ಕರೆದುಕೊಂಡು ಹೋದಾಗ ಬಸ್ಸಿಳಿದು, ಮೊದಲು ಕಂಡ ಬೀಡಾ ಅಂಗಡಿಯವನನ್ನು ಕೇಳಿ, ಅವನು ಕೈ ತೋರಿಸಿದ ಲಾಡ್ಜಿಗೆ ನಡೆದಿದ್ದರು. ಉದ್ದನೆಯ ರಿಜಿಸ್ಟರಿನಲ್ಲಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಉದ್ದೇಶವೇನು ಅಂತ ಕಾಲಂಗಳು. ಉದ್ದೇಶದ ಕಾಲಮ್ಮಿನಲ್ಲಿ ಅಪ್ಪ ಸ್ವಲ್ಪ ಯೋಚಿಸಿ "ಸುಮ್ಮನೆ" ಅಂತ ಬರೆದರು. ಬೀಗದ ಕೈಗೆ ನನ್ನ ಅಂಗೈಗಿಂತ ದೊಡ್ಡ ಮರದ ತುಂಡು ಕಟ್ಟಿತ್ತು. ರೂಮು ಚೆನ್ನಾಗಿತ್ತೋ ಇಲ್ಲವೋ ಯಾರೂ ಯಾರನ್ನೂ ಕೇಳಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ನನ್ನ ಹೆಂಡತಿ. ಒಂದೇ ಒಂದು ರಿವ್ಯೂ ಕೂಡ ಇಲ್ಲದ ಮನೆಯೊಂದನ್ನು ಹುಡುಕಿ, ತಮ್ಮನಿಗೆ ಹೇಳದೆ ದುಡ್ಡು ಕಟ್ಟಿಬಿಟ್ಟಳು. ಓದಲು ಏನೂ ಸಿಗದೆ ಅವನಿಗೆ ಕೈ ಕಟ್ಟಿಹಾಕಿದಂತಾಯಿತು. ತಡೆಯಲಾರದೆ ಮಾಲೀಕರಿಗೇ ಫೋನ್ ಮಾಡಿದ. "ಇಲ್ಲೀವರೆಗೂ ಬಂದವ್ರು ಏನಾದ್ರೂ ಬೇಜಾರು ಮಾಡ್ಕೊಂಡಿದಾರಾ ಸಾರ್?" ಆ ಕಡೆಯಿಂದ ಸಮಾಧಾನದ ಉತ್ತರ: "ಯಾರೂ ಬಂದೇ ಇಲ್ಲ."

ಹೋದೆವು. ಎರಡು ರೂಮು. ಒಂದು ವ್ಯಾಲಿ ವ್ಯೂ, ಅದಕ್ಕೆ 1,500 ರೂಪಾಯಿ ಜಾಸ್ತಿ. ಹಿರಿಯನೆಂಬ ಮರ್ಯಾದೆಗೆ ಅದನ್ನು ನನಗೆ ಬಿಟ್ಟುಕೊಟ್ಟರು, ಬಿಲ್ಲಿನ ಸಮೇತ. ಮಾಲೀಕರು ಸೈನ್ಯದಿಂದ ನಿವೃತ್ತರಾದವರು. ಬಾಲ್ಕನಿಗೆ ಕರೆದುಕೊಂಡು ಹೋಗಿ, ಬೆನ್ನು ನೆಟ್ಟಗೆ ಮಾಡಿ ನಿಂತು, ಕೈ ಚಾಚಿ ತೋರಿಸಿದರು. "ಎಡಗಡೆ ಕಾಣೋದು ಕೋಟೆ. ಬಲಗಡೆ ಆ ಗುಡ್ಡ ನೋಡಿ, ರಾಜಾಸೀಟ್ ಅಲ್ಲಿ. ನಡುವೆ ಪೂರಾ ಕಣಿವೆ." ನಾವೆಲ್ಲ ಎಡಕ್ಕೂ ಬಲಕ್ಕೂ ತಿರುಗಿದೆವು. ಕಾಣುತ್ತಿದ್ದದ್ದು ಬಟ್ಟೆ ಒಣಹಾಕುವ ತಂತಿ, ಅದರ ಕಂಬ, ಕಂಬದ ಬುಡದಲ್ಲಿ ಒಂದು ಕೆಂಪು ಬಕೆಟ್ಟು. ಆಚೆಗೆ ಮಂಜು, ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗೆ. ಇಷ್ಟು ಹುರುಪಿನಿಂದ ತೋರಿಸುವವರಿಗೆ ಕಾಣುತ್ತಿಲ್ಲ ಅನ್ನುವುದು ಹೇಗೆ? "ಚೆನ್ನಾಗಿದೆ" ಅಂದೆ. ಮರುದಿನ ಬೆಳಿಗ್ಗೆ ಬಕೆಟ್ಟೂ ಕಾಣಲಿಲ್ಲ. ಭಾಮೈದನ ಕಿಟಕಿಯಲ್ಲೂ ಅದೇ ಮಂಜು, 1,500 ಕಮ್ಮಿಗೆ. ಜೊತೆಗೆ ಅವನ ಗೋಡೆಯ ಆಚೆ ಅಡುಗೆಮನೆಯ ಒಲೆ ಇದ್ದುದರಿಂದ ರೂಮು ಬೆಚ್ಚಗೆ ಬೇರೆ. ಇದನ್ನು ಅವನು ಕಾಫಿಗೊಮ್ಮೆ, ತಿಂಡಿಗೊಮ್ಮೆ ಜ್ಞಾಪಿಸಿದ.

ರಾತ್ರಿ ಕಡಂಬುಟ್ಟು, ಕೋಳಿ ಸಾರು. ತಗಡಿನ ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಉಪ್ಪು ಕೇಳಿದರೆ ನೀರು ಬರುತ್ತಿತ್ತು. ಈ ರೂಮುಗಳನ್ನು ಹೋಂ ಸ್ಟೇಗೆ ಅಂತಲೇ ಕಟ್ಟಿದಿರಾ ಅಂತ ಹೆಂಡತಿ ಮಾಲೀಕರನ್ನು ಕೇಳಿದಳು. ಅಲ್ಲವಂತೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರಿನ ಕಡೆಯ ಅವರ ನೆಂಟರು ಉಟ್ಟ ಬಟ್ಟೆಯಲ್ಲಿ ಬಂದು ಇಲ್ಲಿದ್ದರಂತೆ, ಮುಂದಿನ ಮಳೆಗಾಲದವರೆಗೂ. ಆಮೇಲೆ ಬೇರೆ ಕಡೆ ಮನೆ ಮಾಡಿಕೊಂಡರು. ಖಾಲಿ ಬಿದ್ದಿದ್ದ ರೂಮುಗಳನ್ನು ಮಗ ಈ ವರ್ಷ ಫೋನಿಗೆ ಹಾಕಿದನಂತೆ. "ಅವರ ತೋಟ ಈಗ್ಲೂ ಹಾಗೇ ಉಂಟು, ಮಣ್ಣಿನಡಿ" ಅಂದರು. ಮಳೆ ಇನ್ನೂ ಬಿರುಸಾಯಿತು. ನಾವೆಲ್ಲ ಒಂದು ಸಲ ಮಾಡಿನತ್ತ ನೋಡಿದೆವು. ಭಾಮೈದ ಏನೂ ಕೇಳಲಿಲ್ಲ, ತಟ್ಟೆಗೆ ಇನ್ನೊಂದು ಕಡಂಬುಟ್ಟು ಹಾಕಿಸಿಕೊಂಡ.

ವಾಪಸು ಬರುವಾಗ ಸುಂಟಿಕೊಪ್ಪದ ಹತ್ತಿರ ಮಾಲೀಕರ ಮಗನ ಮೆಸೇಜು ಬಂತು: ನೀವೇ ಮೊದಲ ಗೆಸ್ಟು, ದಯವಿಟ್ಟು ಒಂದು ರಿವ್ಯೂ ಹಾಕಿ. ಭಾಮೈದ ಫೋನ್ ಹಿಡಿದು ಕೂತ. ಕುಶಾಲನಗರ ಹೋಯಿತು, ಬೈಲಕುಪ್ಪೆ ಹೋಯಿತು, ಬೆರಳು ಅಲುಗಲಿಲ್ಲ. ಅಷ್ಟು ಚೆನ್ನಾಗಿ ನೋಡಿಕೊಂಡರಲ್ಲ, ಐದು ಒತ್ತೋ ಅಂದಳು ಅಕ್ಕ. "ಐದು ಕೊಟ್ರೆ ನಾವು ಮಾಲೀಕರ ನೆಂಟರು ಅನ್ಕೋತಾರೆ ಅಕ್ಕಾ" ಅಂತ ತುಂಬಾ ಸಂಕಟಪಟ್ಟು ಮೂರು ಕೊಟ್ಟ. ಕೆಳಗೆ ಬರೆದ: ಊಟ ಚೆನ್ನಾಗಿದೆ, ಜನ ಒಳ್ಳೆಯವರು, ಮಂಜಿನಿಂದಾಗಿ ವ್ಯೂ ಕಾಣಲಿಲ್ಲ. ಹುಣಸೂರಿನವರೆಗೆ ಅಕ್ಕ ಅವನ ಜೊತೆ ಮಾತಾಡಲಿಲ್ಲ.

ನಿನ್ನೆ ಅದಕ್ಕೆ ಮಾಲೀಕರ ಮಗ ಉತ್ತರ ಹಾಕಿದ್ದಾನೆ. "ಮಂಜಿನಿಂದ ಆದ ತೊಂದರೆಗೆ ಕ್ಷಮೆ ಇರಲಿ ಸಾರ್. ಮುಂದಿನ ಸಲ ಬರುವಷ್ಟರಲ್ಲಿ ಸರಿಮಾಡಿಸುತ್ತೇವೆ."