ಬಸ್ಸಿನಲ್ಲಿ ನಿಂತವರ ಲೆಕ್ಕ ಎಲ್ಲಿ?

ಬೆಂಗಳೂರಿನ ಹೊರವರ್ತುಲ ರಸ್ತೆಗೆ ದಟ್ಟಣೆ ಶುಲ್ಕ, ಅಂದರೆ ಗಿಜಿಗುಡುವ ರಸ್ತೆಗೆ ವಾಹನ ತಂದವರಿಂದ ವಸೂಲಿ ಮಾಡುವ ಹಣ, ಹಾಕಿದರೆ ಬಡವರ ಜೇಬಿಗೆ ಕತ್ತರಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಸಿಲ್ಕ್ ಬೋರ್ಡ್‌ನಿಂದ ಮಾರತಹಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗುವವಳು ನಾನು. ಕಿಟಕಿಯಾಚೆ ಸಾಲು ಸಾಲು ಕಾರು, ಒಂದೊಂದರಲ್ಲೂ ಒಬ್ಬರೇ. ಅವುಗಳ ಮಧ್ಯೆ ಸಿಕ್ಕಿಕೊಂಡ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ನಾವು. ಅವರು ರಸ್ತೆ ತುಂಬಿಸಿದ್ದಕ್ಕೆ ದಿನಾ ಒಂದು ಗಂಟೆ ಕಳೆದುಕೊಳ್ಳುವುದೂ ನಷ್ಟವೇ ಅಲ್ವಾ?

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 2006ರಲ್ಲಿ ಏಳು ತಿಂಗಳು ಇಂಥ ಶುಲ್ಕದ ಪ್ರಯೋಗ ನಡೆಸಿದಾಗ, ನಗರದ ಒಳಭಾಗದ ಸುತ್ತ ಗುರುತಿಸಿದ್ದ ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು. ಹೌದು, ಅಲ್ಲಿ ಅದಕ್ಕೂ ಮೊದಲೇ, 2005ರ ಆಗಸ್ಟ್‌ನಲ್ಲೇ ಜಾಸ್ತಿ ಬಸ್ ಬಿಟ್ಟಿದ್ದರು. ಇಲ್ಲೂ ಮೊದಲು ಬಸ್ ಬರಲಿ, ಆಮೇಲೆ ಶುಲ್ಕ. ಈ ಷರತ್ತನ್ನು ನಿಮ್ಮ ಲೇಖನ ಕೇಳಬೇಕಿತ್ತು.