ಅಮೆರಿಕದ ಸೆಡಾನ್ ಸೋತಿದ್ದು ಎಂಜಿನ್‌ನಲ್ಲಿ ಅಲ್ಲ

ಹೋದ ತಿಂಗಳು ಹೊಸ ಕಾರು ತಗೊಂಡೆವು. ಟೊಯೋಟಾ ಕ್ಯಾಮ್ರಿ. ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದ್ದೇ ತಡ, ಗೆಳೆಯರೆಲ್ಲ ಒಂದೇ ಪ್ರಶ್ನೆ ಕೇಳಿದರು. "ಡೆಟ್ರಾಯಿಟ್ ಪಕ್ಕದಲ್ಲೇ ಇದ್ದುಕೊಂಡು ಜಪಾನ್ ಗಾಡಿ ತಗೊಂಡ್ಯಾ?" ನ್ಯಾಯವಾದ ಪ್ರಶ್ನೆನೇ. ಒಂದು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಕಾರು ಕಂಪನಿಗಳ ತವರು ಡೆಟ್ರಾಯಿಟ್ ಇರೋದು ಮಿಶಿಗನ್ ರಾಜ್ಯದಲ್ಲಿ. ನಾನು ಇಲ್ಲಿಗೆ ಬಂದು ಹದಿಮೂರು ವರ್ಷ ಆಯ್ತು. ನಮ್ಮ ಬೀದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಿಗೆ ಕಾರು ಕಂಪನಿಗಳಿಂದಲೇ ಅನ್ನ. ಇಲ್ಲಿನ ಗಾಡಿಯನ್ನೇ ಕೊಳ್ಳಬೇಕು ಅಂತ ಮನಸ್ಸಲ್ಲಿ ನಿಜವಾಗ್ಲೂ ಇತ್ತು. ನಮಗೆ ಬೇಕಾಗಿದ್ದು ಸೆಡಾನ್, ಅಂದರೆ ಹಿಂದೆ ಬೇರೆಯೇ ಡಿಕ್ಕಿ ಇರುವ ತಗ್ಗು ಕಾರು. ಹಿಂದಿನ ಸೀಟಿನಲ್ಲಿ ಮೂರು ಜನ ಆರಾಮಾಗಿ ಕೂರಬೇಕು, ಊರಿಂದ ಅಪ್ಪ ಅಮ್ಮ ಬಂದರೆ ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಹಿಡಿಸಬೇಕು. ಹುಡುಕಿದರೆ, ನಮ್ಮಂಥವರ ಕೈಗೆಟುಕುವ ಬೆಲೆಗೆ ಆ ಸೈಜಿನಲ್ಲಿ ಅಮೆರಿಕದ ಪೆಟ್ರೋಲ್ ಸೆಡಾನ್ ಒಂದೂ ಉಳಿದಿಲ್ಲ. ಕ್ರೈಸ್ಲರ್ 200 ನಿಂತಿದ್ದು 2016ರ ಡಿಸೆಂಬರ್‌ನಲ್ಲಿ. ಫೋರ್ಡ್ ಫ್ಯೂಜನ್ 2020ರ ಜುಲೈನಲ್ಲಿ. ಕೊನೆಯದಾಗಿ ಶೆವ್ರೊಲೆ ಮಾಲಿಬು, 2024ರ ನವೆಂಬರ್‌ನಲ್ಲಿ. ಟೆಸ್ಲಾ ಮಾಡೆಲ್ 3 ಇದೆ, ಆದರೆ ಅದು ಬ್ಯಾಟರಿ ಗಾಡಿ, ಅದರ ಲೆಕ್ಕವೇ ಬೇರೆ.

"ಅಮೆರಿಕನ್ ಎಂಜಿನ್ ಅಂದ್ರೆ ಅಷ್ಟೇ ಬಿಡು, ಅದಕ್ಕೇ ಮುಳುಗಿದವು" ಅಂತ ಬಹಳ ಜನ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಇಲ್ಲಿ ನನ್ನ ಮೊದಲ ಕಾರು 2010ರ ಫ್ಯೂಜನ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರ್ ಕೂಡ ಇರುವ ಗಾಡಿ. ಸೆಕೆಂಡ್ ಹ್ಯಾಂಡ್. ಅದರ ಮೀಟರ್ ಬೋರ್ಡಿನ ಬಲಗಡೆ ಒಂದು ಪುಟ್ಟ ಸ್ಕ್ರೀನ್. ಹದವಾಗಿ ಓಡಿಸಿದರೆ ಅದರಲ್ಲಿ ಹಸಿರು ಬಳ್ಳಿ ಹಬ್ಬಿ ಎಲೆ ಚಿಗುರುತ್ತದೆ. ಎಕ್ಸಲರೇಟರ್ ಜೋರಾಗಿ ತುಳಿದರೆ ಎಲೆ ಕಡಿಮೆಯಾಗುತ್ತದೆ. ಅಪ್ಪ ಅರಸೀಕೆರೆಯಿಂದ ಮೊದಲ ಸಲ ಬಂದಾಗ ರಸ್ತೆ ಕಡೆ ನೋಡಿದ್ದಕ್ಕಿಂತ ಅದನ್ನು ನೋಡಿದ್ದೇ ಜಾಸ್ತಿ. "ನಿಧಾನಕ್ಕೆ ಬ್ರೇಕ್ ಹಾಕೋ, ಎಲೆ ಉದುರುತ್ತೆ" ಅನ್ನುತ್ತಿದ್ದರು. ತೆಂಗಿನ ತೋಟ ಮಾಡಿದ ಮನುಷ್ಯ. ಮೈಲೇಜ್ ಅಂದರೇನು ಅಂತ ಅವರಿಗೆ ಆ ಎಲೆ ನೋಡಿಯೇ ಅರ್ಥವಾಯ್ತು. ಅಂಥದ್ದೊಂದು ಯೋಚನೆ ಮಾಡಿದ ಎಂಜಿನಿಯರ್‌ಗಳ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಸುಮ್ನೆ ಚೆಂದಕ್ಕೆ ಇಟ್ಟ ಎಲೆಯೂ ಅಲ್ಲ ಅದು. ಆ ಗಾಡಿಗೆ ಊರೊಳಗೆ ಗ್ಯಾಲನ್‌ಗೆ 41 ಮೈಲಿ ಅಂತ ಸರ್ಕಾರದ ಲೆಕ್ಕ ಇತ್ತು. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ 17 ಕಿಲೋಮೀಟರ್ ಮೇಲೆ. ಅದೇ ವರ್ಷದ ಕ್ಯಾಮ್ರಿ ಹೈಬ್ರಿಡ್‌ಗೆ 33. ಅಂದರೆ ಹೈಬ್ರಿಡ್ ವಿದ್ಯೆಯ ಗುರು ಅನ್ನಿಸಿಕೊಂಡಿದ್ದ ಟೊಯೋಟಾವನ್ನು ಅದರದ್ದೇ ಆಟದಲ್ಲಿ ಫೋರ್ಡ್ ಹಿಂದೆ ಹಾಕಿತ್ತು. 2009ರಲ್ಲಿ ಒಂದು ತಂಡ ಒಂದೇ ಟ್ಯಾಂಕ್ ಪೆಟ್ರೋಲ್‌ನಲ್ಲಿ ಈ ಕಾರನ್ನು 1,445 ಮೈಲಿ ಓಡಿಸಿ ತೋರಿಸಿತು.

ಈಗ ಮಾಲಿಬು ಕಥೆಗೆ ಬರುತ್ತೇನೆ. 2016ರಲ್ಲಿ ಹೊಸ ಮಾಲಿಬು ಬಂದಾಗ ಹಳೆಯದಕ್ಕಿಂತ ಹೆಚ್ಚುಕಡಿಮೆ 300 ಪೌಂಡ್, ಅಂದರೆ 130 ಕಿಲೋ ಮೇಲೆ ತೂಕ ಇಳಿಸಿಕೊಂಡಿತ್ತು. ಅದರ 1.5 ಲೀಟರ್ ಟರ್ಬೊ ಎಂಜಿನ್‌ಗೆ (ಟರ್ಬೊ ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಸಾಧನ) 160 ಕುದುರೆ ಶಕ್ತಿ. 2018ರ ಕ್ಯಾಮ್ರಿಯ 2.5 ಲೀಟರ್ ಎಂಜಿನ್‌ಗೆ 203. ಪೇಪರ್ ಮೇಲೆ ಮಾಲಿಬು ಸೋತೇ ಹೋಯ್ತು, ಅಲ್ವಾ? ಆದರೆ ಟಾರ್ಕ್, ಅಂದರೆ ಎಂಜಿನ್ ಎಳೆಯುವ ಬಲ ನೋಡಿ. ಎರಡಕ್ಕೂ ಒಂದೇ, 184 ಪೌಂಡ್-ಅಡಿ. ಕ್ಯಾಮ್ರಿಗೆ ಆ ಎಳೆತ ಪೂರ್ತಿ ಬರೋದು 5,000 ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ. ಮಾಲಿಬುಗೆ ಸುಮಾರು 2,500ಕ್ಕೇ ಬಂದುಬಿಡುತ್ತದೆ. ನಾನು ಎರಡನ್ನೂ ಓಡಿಸಿದ್ದೇನೆ. ಸಿಗ್ನಲ್‌ನಲ್ಲಿ ಹಸಿರು ಬಿದ್ದಾಗ ಮಾಲಿಬು ಗಲಾಟೆ ಇಲ್ಲದೆ ಮುಂದಕ್ಕೆ ಜಾರುತ್ತದೆ. ಕ್ಯಾಮ್ರಿ ಹೈವೇಗೆ ಸೇರುವಾಗ ಕೂಗಿಕೊಂಡೇ ಓಡುತ್ತದೆ, ಆದರೆ ಓಡುತ್ತದೆ.

ಟೊಯೋಟಾ ಎಂಜಿನ್‌ನ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಟರ್ಬೊ ಇಲ್ಲ, ಹಾಗಾಗಿ ಕೆಡುವ ಸಾಮಾನು ಒಂದು ಕಡಿಮೆ. ಕಂಪ್ರೆಷನ್ 13ಕ್ಕೆ 1, ಅಂದರೆ ಸಿಲಿಂಡರ್ ಒಳಗಿನ ಗಾಳಿ-ಪೆಟ್ರೋಲನ್ನು ಹದಿಮೂರರಲ್ಲಿ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಪೆಟ್ರೋಲ್‌ನಲ್ಲಿರುವ ಶಕ್ತಿಯಲ್ಲಿ ಶೇ 40ರವರೆಗೂ ಕೆಲಸಕ್ಕೆ ಬರುತ್ತದೆ ಅನ್ನುತ್ತದೆ ಕಂಪನಿ. ಇಂಜೆಕ್ಟರ್‌ಗಳು ಎರಡು ಜಾಗದಲ್ಲಿವೆ, ಸಿಲಿಂಡರ್ ಒಳಗೊಂದು, ವಾಲ್ವ್ ಹಿಂದೊಂದು. ಹಿಂದಿನ ಇಂಜೆಕ್ಟರ್ ಚಿಮ್ಮಿಸುವ ಪೆಟ್ರೋಲ್ ವಾಲ್ವ್ ತೊಳೆಯುತ್ತಾ ಇರೋದರಿಂದ ಅಲ್ಲಿ ಮಸಿ ಕಟ್ಟುವುದಿಲ್ಲ. ಹದಿನೈದು ವರ್ಷ ಗಾಡಿ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ವಿಷಯ.

ಹೋಂಡಾ ಮುಂದೆ ಮಾತ್ರ ಮಾಲಿಬು ಪರ ವಾದ ಮಾಡೋಕೆ ನನ್ನ ಕೈಲಿ ಆಗಲ್ಲ. ಅಕಾರ್ಡ್‌ಗೂ 1.5 ಲೀಟರ್ ಟರ್ಬೊನೇ. ಶಕ್ತಿ 192! ಅದೇ ಸೈಜಿಗೆ 32 ಕುದುರೆ ಜಾಸ್ತಿ. ಮಾಲಿಬುವಿನಲ್ಲೂ 250 ಕುದುರೆಯ 2.0 ಲೀಟರ್ ಟರ್ಬೊ ಇತ್ತು, ಒಳ್ಳೆಯ ಎಂಜಿನ್. ಆದರೆ 2018ರ ಹೊತ್ತಿಗೆ ಅದು ಬೇಕೆಂದರೆ ಟಾಪ್ ಎಂಡ್ ಪ್ರೀಮಿಯರ್ ಮಾಡೆಲ್ಲೇ ಕೊಳ್ಳಬೇಕಾಯ್ತು. ಅಕಾರ್ಡ್‌ನಲ್ಲಿ 252 ಕುದುರೆಯ ಎಂಜಿನ್ ನಡುವಿನ ಸ್ಪೋರ್ಟ್ ಮಾಡೆಲ್‌ನಲ್ಲೇ ಸಿಗುತ್ತಿತ್ತು. ತಪ್ಪು ಆಗಿದ್ದು ಇಲ್ಲೇ ಅಂತ ನನ್ನ ಅನಿಸಿಕೆ. ಒಳ್ಳೆಯದನ್ನೆಲ್ಲ ಮೇಲಿನ ಅಟ್ಟದಲ್ಲಿಟ್ಟರು. ಕೆಳಗಿನ ಮಾಡೆಲ್ಲನ್ನು ಬಾಡಿಗೆ ಕಾರು ಕಂಪನಿಗಳಿಗೆ ಮಾರಿದರು. ಏರ್‌ಪೋರ್ಟಿನಲ್ಲಿ ಬಾಡಿಗೆಗೆ ಸಿಕ್ಕ ಬೇಸ್ ಮಾಡೆಲ್ ಓಡಿಸಿದವರು "ಮಾಲಿಬು ಅಂದ್ರೆ ಇಷ್ಟೇ" ಅಂದುಕೊಂಡರು.

ಕ್ರೈಸ್ಲರ್ 200ರಲ್ಲಿ 295 ಕುದುರೆಯ ವಿ6, ಅಂದರೆ ಆರು ಸಿಲಿಂಡರ್ ಎಂಜಿನ್ ಇತ್ತು. ಹಿಂದಿನ ಸೀಟಿಗೆ ಹತ್ತುವಾಗ ತಲೆ ತಾಗುತ್ತಿತ್ತು. ಅದರ ಬಗ್ಗೆ ಇಷ್ಟು ಸಾಕು.

ನನಗೆ ಹೊಟ್ಟೆ ಉರಿಯೋದು ಫ್ಯೂಜನ್ ಸ್ಪೋರ್ಟ್ ನೆನೆದಾಗ. 2017ರಲ್ಲಿ ಬಂತು. 2.7 ಲೀಟರ್, ಎರಡು ಟರ್ಬೊ, ವಿ6. 325 ಕುದುರೆ, 380 ಪೌಂಡ್-ಅಡಿ ಟಾರ್ಕ್, ನಾಲ್ಕೂ ಚಕ್ರಕ್ಕೆ ಶಕ್ತಿ. ಆಗಿನ ಕ್ಯಾಮ್ರಿ ವಿ6 ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅದಕ್ಕಿಂತ ಸೊಗಸು ಅದರ ಶಾಕ್ ಅಬ್ಸಾರ್ಬರ್. ಹನ್ನೆರಡು ಸೆನ್ಸರ್‌ಗಳು ಹೇಳುವುದನ್ನು ಕಂಪ್ಯೂಟರ್ ಎರಡು ಮಿಲಿಸೆಕೆಂಡಿಗೊಮ್ಮೆ ನೋಡುತ್ತಾ ಇರುತ್ತದೆ. ಚಕ್ರ ಗುಂಡಿಯ ಅಂಚಿಗೆ ಬಂದ ತಕ್ಷಣ ಶಾಕ್ ಗಟ್ಟಿಯಾಗುತ್ತದೆ. ಚಕ್ರ ಗುಂಡಿಯೊಳಗೆ ಪೂರ್ತಿ ಬೀಳುವುದಿಲ್ಲ, ಆಚೆ ಅಂಚಿಗೆ ಅಷ್ಟು ಜೋರಾಗಿ ಬಡಿಯುವುದೂ ಇಲ್ಲ. ಮಾರ್ಚ್ ತಿಂಗಳಲ್ಲಿ ಹಿಮ ಕರಗಿದ ಮೇಲೆ ಮಿಶಿಗನ್ ರಸ್ತೆ ನೋಡಬೇಕು ನೀವು, ಬೆಂಗಳೂರು ನೆನಪಾಗುತ್ತದೆ. ಗೆಳೆಯನ ಫ್ಯೂಜನ್ ಸ್ಪೋರ್ಟ್‌ನಲ್ಲಿ ಅಂಥ ರಸ್ತೆಯಲ್ಲಿ ಹೋದೆ. ಗುಂಡಿ ಕಂಡು ನಾನು ಹಲ್ಲು ಕಚ್ಚಿ ಕೂತೆ. ಟಕ್ ಅಂತ ಒಂದು ಸಣ್ಣ ಸದ್ದು, ಅಷ್ಟೇ. ಕಪ್‌ನಲ್ಲಿದ್ದ ಕಾಫಿ ಚೆಲ್ಲಲಿಲ್ಲ. ಇಂಥ ಗಾಡಿ ಮೂರೇ ವರ್ಷ ಬದುಕಿತು.

ಫೀಚರ್ ವಿಷಯದಲ್ಲೂ ಜಪಾನಿನವರೇ ಮುಂದೆ ಅಂತೇನೂ ಇರಲಿಲ್ಲ. ಫೋನಿನ ಮ್ಯಾಪ್, ಹಾಡನ್ನು ಕಾರಿನ ಸ್ಕ್ರೀನಿಗೆ ತರುವ ಆ್ಯಪಲ್ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡೂ 2016ರ ಮಾಲಿಬುವಿನಲ್ಲಿ ಇದ್ದವು. ಕ್ಯಾಮ್ರಿಗೆ ಕಾರ್‌ಪ್ಲೇ ಬಂದಿದ್ದು 2019ರ ಮಾಡೆಲ್‌ಗೆ, ಆಂಡ್ರಾಯ್ಡ್ ಆಟೋ 2020ರದ್ದಕ್ಕೆ. ನಮ್ಮ ಪರಿಚಯದವರೊಬ್ಬರು 2018ರ ಹೊಸ ಕ್ಯಾಮ್ರಿಯ ಗಾಜಿಗೆ ಫೋನ್ ಅಂಟಿಸಿಕೊಂಡು ದಾರಿ ನೋಡುತ್ತಿದ್ದರು. ಹೊಸದಾಗಿ ಲೈಸೆನ್ಸ್ ಸಿಕ್ಕಿದ ಮಕ್ಕಳಿಗೆ ಅಂತ ಟೀನ್ ಡ್ರೈವರ್ ಅನ್ನುವ ವ್ಯವಸ್ಥೆಯೂ ಆ ಮಾಲಿಬುವಿನಲ್ಲೇ ಮೊದಲು ಬಂದಿದ್ದು. ಮುಂದಿನ ಸೀಟಿನವರು ಬೆಲ್ಟ್ ಹಾಕುವ ತನಕ ಹಾಡು ಬರೋದೇ ಇಲ್ಲ. ಎಷ್ಟು ವೇಗದಲ್ಲಿ ಓಡಿಸಿದರು ಅಂತ ಆಮೇಲೆ ಅಪ್ಪ ಅಮ್ಮ ನೋಡಬಹುದು. ಹದಿನಾರು ವರ್ಷದ ಮಕ್ಕಳು ಇರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಜೀವ ಉಳಿಸುವ ಫೀಚರ್‌ನಲ್ಲೇ ಎಡವಿದರು. ಮುಂದಿನ ಗಾಡಿಗೆ ಗುದ್ದುವ ಮೊದಲು ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಟೊಯೋಟಾ, ಹೋಂಡಾ ಎರಡೂ 2018ರ ಮಾಡೆಲ್‌ನಿಂದ ಎಲ್ಲರಿಗೂ ಕೊಟ್ಟವು, ಬೇಸ್ ಮಾಡೆಲ್‌ಗೂ. ಮಾಲಿಬುವಿನಲ್ಲಿ ಆಗ ಅದು ಮೇಲಿನ ಮಾಡೆಲ್‌ಗಳಿಗೆ, ಅದೂ ಬೇರೆ ದುಡ್ಡು ಕೊಟ್ಟರೆ. ಕಡಿಮೆ ದುಡ್ಡಿನ ಕಾರು ಕೊಳ್ಳುವವನ ಮಕ್ಕಳೂ ಮಕ್ಕಳೇ ತಾನೇ? ಇದನ್ನು ನಾನು ಕ್ಷಮಿಸಲಾರೆ.

ಹೈಬ್ರಿಡ್ ಕಥೆ ಇನ್ನೂ ಬೇಜಾರಿನದು. ಶೆವ್ರೊಲೆ ತನ್ನ ವೋಲ್ಟ್ ಅನ್ನುವ ಪ್ಲಗ್ ಹಾಕಿ ಚಾರ್ಜ್ ಮಾಡುವ ಕಾರಿನ ತಂತ್ರಜ್ಞಾನ ಹಾಕಿ ಮಾಲಿಬು ಹೈಬ್ರಿಡ್ ಮಾಡಿತು. ಗ್ಯಾಲನ್‌ಗೆ 46 ಮೈಲಿ. 2019ರ ಮಾಡೆಲ್‌ಗೇ ನಿಲ್ಲಿಸಿದರು. ಇನ್ನೊಂದು ಕಡೆ ಫೋರ್ಡ್, ಅಮೆರಿಕದಲ್ಲಿ ಸೆಡಾನ್ ಸಾಲನ್ನೇ ಕೈಬಿಡುತ್ತೇವೆ ಅಂತ 2018ರ ಏಪ್ರಿಲ್‌ನಲ್ಲೇ ಹೇಳಿತ್ತು. ಜನ ಎಸ್‌ಯುವಿ ಕಡೆ ಹೋದರು, ಅದರಲ್ಲಿ ಲಾಭವೂ ಜಾಸ್ತಿ, ನಿಜ. ಟೊಯೋಟಾಗೂ ಅದೇ ಜನ, ಅದೇ ಮಾರುಕಟ್ಟೆ. ಅವರು ಕೂತು ಕೆಲಸ ಮಾಡಿದರು. 2025ರ ಕ್ಯಾಮ್ರಿಯಲ್ಲಿ ಎಲ್ಲ ಮಾಡೆಲ್‌ಗಳೂ ಹೈಬ್ರಿಡ್ಡೇ. 225 ಕುದುರೆ, ನಾವು ತಗೊಂಡ ಎಲ್‌ಇ ಮಾಡೆಲ್‌ಗೆ ಗ್ಯಾಲನ್‌ಗೆ 51 ಮೈಲಿ. 2010ರಲ್ಲಿ ಫೋರ್ಡ್ ನಿಂತಿದ್ದ ಜಾಗದಿಂದ ಹದಿನೈದು ವರ್ಷ ಬಿಡದೆ ನಡೆದಿದ್ದರೆ ಎಲ್ಲಿಗೆ ಹೋಗಿರುತ್ತಿತ್ತು ಅಂತ ಯೋಚಿಸಿದರೆ ಸಂಕಟ ಆಗುತ್ತದೆ.

"ಜಪಾನ್ ಗಾಡಿ" ಅಂದವರಿಗೆ ಇನ್ನೊಂದು ಮಾತು. ಕ್ಯಾಮ್ರಿ ತಯಾರಾಗುವುದು ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ, 1988ರಿಂದ. ಅಕಾರ್ಡ್ ಒಹಾಯೊದ ಮೇರಿಸ್‌ವಿಲ್‌ನಲ್ಲಿ ತಯಾರಾಗೋಕೆ ಶುರುವಾಗಿದ್ದು 1982ರಲ್ಲೇ. ನನ್ನ "ಅಮೆರಿಕನ್" ಫ್ಯೂಜನ್ ತಯಾರಾಗಿದ್ದು ಮೆಕ್ಸಿಕೋದ ಎರ್ಮೊಸಿಯೊದಲ್ಲಿ. ಹಾಗಾದರೆ ಯಾವುದು ಇಲ್ಲಿನ ಗಾಡಿ? ಕೆಂಟಕಿಯ ಕೆಲಸಗಾರನ ಮನೆಯ ಅನ್ನವೂ ಅನ್ನವೇ.

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಹೊಸ ಕಾರು ತೋರಿಸಿದೆ. "ಇದು ನಮ್ಮ ಬಿಡದೀಲಿ ಮಾಡ್ತಾರಲ್ಲ, ಅದೇ ಗಾಡಿ ಅಲ್ವೇನೋ?" ಅಂದರು. ಹೌದು, ಅದೇ. ಅಲ್ಲಿ 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಆದಾಗ ಬೆಲೆ 48 ಲಕ್ಷ. ಇಲ್ಲಿ 2025ರ ಮಾಡೆಲ್ ಬಂದಾಗ 28 ಸಾವಿರ ಡಾಲರ್ ಚಿಲ್ಲರೆಯಿಂದ ಶುರುವಾಗಿತ್ತು, ಅಂದರೆ ಅಲ್ಲಿನ ಅರ್ಧದಷ್ಟು. ಅಲ್ಲಿ ಸಾಹೇಬರ ಕಾರು, ಇಲ್ಲಿ ಮೇಷ್ಟ್ರುಗಳ, ನರ್ಸ್‌ಗಳ ಕಾರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಇದರಲ್ಲೂ ಎಲೆ ಬರುತ್ತಾ?"

ಇಲ್ಲಪ್ಪ ಅಂದೆ.

"ಹಂಗಾದ್ರೆ ಹಳೇದನ್ನ ಮಾರಬೇಡ."

ಮಾರಿಲ್ಲ. ಗ್ಯಾರೇಜಿನಲ್ಲಿ ಕ್ಯಾಮ್ರಿ ಪಕ್ಕದಲ್ಲೇ ನಿಂತಿದೆ.